ರಜಾಕಾರರ ಕಾಲದ ಹುಡುಗ ಹುಡುಗಿಯರ ಕಥೆ ಬರೆಯುವವರಿಗೆ

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಯುದ್ಧಕಾಲವನ್ನು ಹದಿಹರೆಯದವರ ಕಣ್ಣಿನಿಂದ ನೋಡಿ ಕಥೆಯನ್ನೋ ಕಾದಂಬರಿಯನ್ನೋ ಬರೆಯಬೇಕೆಂದಿರುವವರಿಗಾಗಿ ಈ ಲೇಖನ. ರಜಾಕಾರರೆಂದರೆ 1947–48ರಲ್ಲಿ ಹೈದರಾಬಾದಿನ ನಿಜಾಮರ ಪರ ನಿಂತ ಸಶಸ್ತ್ರ ಸ್ವಯಂಸೇವಕರು. ಕಥೆ ಕಟ್ಟುವ ಕಲೆಯನ್ನು ಇಲ್ಲಿ ಹೇಳಿಕೊಡುವುದಿಲ್ಲ. ಕಥೆ ಹೊಳೆದ ಮೇಲೆ ಮೊದಲ ಸಾಲು ಬರೆಯುವ ಮುನ್ನ ಏನೇನು ಮಾಡಿಕೊಳ್ಳಬೇಕು, ಬರೆದಾದ ಮೇಲೆ ಏನನ್ನು ಹೊಡೆದುಹಾಕಬೇಕು ಎಂಬುದನ್ನು, ನಾನೇ ಮಾಡಿದ ತಪ್ಪುಗಳನ್ನು ಮುಂದಿಟ್ಟುಕೊಂಡು, ಒಂದೊಂದು ಹಂತವಾಗಿ ಹೇಳುತ್ತೇನೆ.

ಮೊದಲ ಹಂತ: ಯಾವ ಯುದ್ಧ?

ನಮ್ಮ ಸೀಮೆಗೆ ಯುದ್ಧಗಳ ಬರವಿಲ್ಲ. 1520ರ ಮೇ 19ರಂದು ಕೃಷ್ಣದೇವರಾಯನೂ ಇಸ್ಮಾಯಿಲ್ ಆದಿಲ್ ಶಾಹನೂ ರಾಯಚೂರಿಗಾಗಿ ಕಾದಿದರು; ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಅದನ್ನು ವಿಸ್ತಾರವಾಗಿ ಬರೆದಿಟ್ಟಿದ್ದಾನೆ. 1858ರ ಜೂನ್ 1ರಂದು ಮುಂಡರಗಿ ಭೀಮರಾಯ ಮತ್ತು ಹಮ್ಮಿಗಿ ಕೆಂಚನಗೌಡರು ಕೊಪ್ಪಳದ ಕೋಟೆಯಲ್ಲಿ ಬ್ರಿಟಿಷರನ್ನು ಎದುರಿಸಿ ಮಡಿದರು. ಇವೆರಡೂ ಒಳ್ಳೆಯ ವಸ್ತುಗಳೇ. ಆದರೆ ನೂನಿಜ್ ಆನೆ, ಕುದುರೆ, ಫಿರಂಗಿಗಳನ್ನು ಎಣಿಸುತ್ತಾನೆಯೇ ಹೊರತು ಕೋಟೆಯೊಳಗಿದ್ದ ಹನ್ನೆರಡರ ಹುಡುಗ ರಾತ್ರಿ ಏನು ಉಂಡ, ಯಾರ ಮಗ್ಗುಲಲ್ಲಿ ಮಲಗಿದ ಎಂಬುದನ್ನು ಹೇಳುವುದಿಲ್ಲ. ಮೊದಲ ಬಾರಿಗೆ ಬರೆಯುವವರು ಅಷ್ಟು ದೊಡ್ಡ ಖಾಲಿ ಜಾಗವನ್ನು ಕಲ್ಪನೆಯಿಂದಲೇ ತುಂಬಲು ಹೊರಟರೆ ಸಾಮಾನ್ಯವಾಗಿ ಸಿನಿಮಾದ ಸೆಟ್ಟು ತಲೆಯೆತ್ತುತ್ತದೆ.

ಆದ್ದರಿಂದ 1947ರ ಆಗಸ್ಟಿನಿಂದ 1948ರ ಕೊನೆಯವರೆಗಿನ ಕಾಲವನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರದೆ ಉಳಿದು, ಕೊನೆಗೆ ಭಾರತದ ಸೇನೆ ಅದರೊಳಗೆ ನುಗ್ಗಿದ ಕಾಲ ಅದು. ಸರ್ಕಾರಿ ಕಾಗದದಲ್ಲಿ ಸೇನೆ ನುಗ್ಗಿದ್ದು ಯುದ್ಧವಲ್ಲ, ಪೊಲೀಸ್ ಕಾರ್ಯಾಚರಣೆ. ಊರು ಬಿಟ್ಟು ಓಡಿದ ಮಗುವಿಗೆ ಆ ವ್ಯತ್ಯಾಸ ತಿಳಿದಿರಲಿಲ್ಲ. ಆಗ ಒಂಬತ್ತು ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತೈದು ದಾಟಿದ್ದಾರೆ. ಅವರನ್ನು ಕೇಳುವ ಅವಕಾಶ ಇನ್ನು ಹೆಚ್ಚು ದಿನ ಇರುವುದಿಲ್ಲ. ಇಲ್ಲಿಂದ ಮುಂದೆ ನಾನು ಹೇಳುವುದೆಲ್ಲ ಈ ಕಾಲವನ್ನು ಹಿಡಿದೇ.

ಎರಡನೆಯ ಹಂತ: ನಕ್ಷೆಯನ್ನು ಕೈಯಾರೆ ಬರೆಯಿರಿ

ಇಂದಿನ ಜಿಲ್ಲಾ ನಕ್ಷೆಯನ್ನು ಬದಿಗಿಡಿ. 1948ರಲ್ಲಿ ಕೊಪ್ಪಳ ಜಿಲ್ಲೆಯೇ ಇರಲಿಲ್ಲ. ಅದು ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ. ರಾಯಚೂರು ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಕೊಪ್ಪಳವಂತೂ ಸಂಸ್ಥಾನದೊಳಗೆ ಸಾಲಾರ್ ಜಂಗ್ ಮನೆತನದ ಜಹಗೀರು. ತುಂಗಭದ್ರೆಯ ದಕ್ಷಿಣಕ್ಕೆ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತದಲ್ಲಿತ್ತು. ಅದು ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ರಂದು. ಪಶ್ಚಿಮಕ್ಕೆ ಗದಗ, ಮುಂಡರಗಿ, ಗಜೇಂದ್ರಗಡಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯವು.

ಈ ಮೂರು ಆಡಳಿತಗಳನ್ನು ಒಂದೇ ದೃಶ್ಯದಲ್ಲಿ ತೋರಿಸಬೇಕೆಂದರೆ ನಿಮ್ಮ ಪಾತ್ರವನ್ನು ಹೊಸಪೇಟೆಯಲ್ಲಿ ರೈಲು ಹತ್ತಿಸಿ. ಬಂಡಿ ಹೊಳೆಯ ಸೇತುವೆ ದಾಟಿದೊಡನೆ ಮುನಿರಾಬಾದಿನಲ್ಲಿ ನಿಜಾಮರ ಸೀಮೆ. ಗಿಣಿಗೇರಿ, ಕೊಪ್ಪಳ, ಭಾನಾಪುರಗಳನ್ನು ದಾಟಿ ಗದಗ ಮುಟ್ಟುವಷ್ಟರಲ್ಲಿ ಮತ್ತೆ ಭಾರತ. ಅರ್ಧ ದಿನದೊಳಗೆ ಒಬ್ಬ ಹುಡುಗ ಸ್ವತಂತ್ರ ದೇಶದಿಂದ ಹೊರಟು, ಸ್ವಾತಂತ್ರ್ಯ ಬಾರದ ಸೀಮೆಯನ್ನು ಹಾದು, ಮತ್ತೆ ಸ್ವತಂತ್ರ ದೇಶದಲ್ಲಿ ಇಳಿಯುತ್ತಾನೆ. ಗಡಿ ಎಂದರೇನು ಎಂಬುದನ್ನು ಒಂದು ಅಧ್ಯಾಯದುದ್ದ ವಿವರಿಸುವ ಬದಲು ಹುಡುಗನ ಗಾಂಧಿ ಟೋಪಿಯನ್ನು ಅವನ ಅಪ್ಪ ಯಾವ ಸ್ಟೇಷನ್ನಿನಲ್ಲಿ ತೆಗೆಸಿ ಚೀಲದೊಳಗೆ ತುರುಕಿದ, ಯಾವ ಸ್ಟೇಷನ್ನಿನಲ್ಲಿ ಮತ್ತೆ ಹಾಕಿಸಿದ ಎಂದು ಬರೆದರೆ ಸಾಕು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಲೇಬೇಕು. ನನ್ನ ಮೊದಲ ಕಥೆಯಲ್ಲಿ 1948ರ ಬೇಸಿಗೆಯಲ್ಲಿ ಒಬ್ಬ ಹುಡುಗಿ ಮುನಿರಾಬಾದಿನ ಬಳಿ ನಿಂತು, ಕಣ್ಣು ಹರಿಯುವವರೆಗೂ ಹರಡಿದ ನೀರನ್ನು ನೋಡುತ್ತಾಳೆ ಎಂದು ಬರೆದಿದ್ದೆ. ಓದಿದ ಹಿರಿಯರೊಬ್ಬರು, "ಡ್ಯಾಮ್ ಇಲ್ಲದ ಹಿನ್ನೀರು ಎಲ್ಲಿಂದ ಬಂತೋ ತಮ್ಮಾ?" ಎಂದು ಕೇಳಿದರು. ತುಂಗಭದ್ರಾ ಅಣೆಕಟ್ಟೆಗೆ 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆಯಾಗಿತ್ತು ನಿಜ; ನೀರು ನಿಂತದ್ದು 1953ರಲ್ಲಿ. ನನ್ನ ಹುಡುಗಿ ನೋಡಬೇಕಿದ್ದದ್ದು ಬೇಸಿಗೆಯ ಬಂಡೆಗಳನ್ನು, ನಡುವೆ ಹರಿಯುವ ಮೊಣಕಾಲುದ್ದದ ಸೆಳವನ್ನು. ಇದೇ ಜಾತಿಯ ಇನ್ನೊಂದು ತಪ್ಪು ಸಿಂಧನೂರಿನ ಭತ್ತದ ಗದ್ದೆ. ಎಡದಂಡೆ ಕಾಲುವೆ ಬರುವ ಮುಂಚೆ ಅದು ಜೋಳ, ಹತ್ತಿಯ ಎರೆಭೂಮಿ. ಗಂಗಾವತಿ, ಆನೆಗೊಂದಿಯ ಕಡೆ ವಿಜಯನಗರ ಕಾಲದ ಕಾಲುವೆಗಳಿದ್ದ ಕಾರಣ ಅಲ್ಲಿ ಭತ್ತ ಬರೆದರೆ ತಪ್ಪಿಲ್ಲ. ಜೋಳದ ಹೊಲಕ್ಕೂ ಭತ್ತದ ಗದ್ದೆಗೂ ಇರುವ ಅಂತರ ಬರೀ ಹಸಿರಿನದಲ್ಲ. ಆಳೆತ್ತರ ಬೆಳೆದ ಜೋಳದಲ್ಲಿ ಒಬ್ಬ ಹುಡುಗ ಇಡೀ ಹಗಲು ಅಡಗಿ ಕೂರಬಹುದು, ಭತ್ತದಲ್ಲಿ ಆಗದು. ನಿಮ್ಮ ಕಥೆಯ ತಿರುವು ಅದರ ಮೇಲೆಯೇ ನಿಂತಿರಬಹುದು.

ಮೂರನೆಯ ಹಂತ: ಪಂಚಾಂಗ ತೆರೆಯಿರಿ

ಇತಿಹಾಸದ ಪುಸ್ತಕ ತಾರೀಖು ಕೊಡುತ್ತದೆ, ಪಂಚಾಂಗ ಬೆಳಕು ಕೊಡುತ್ತದೆ. ಹಳ್ಳಿಯಲ್ಲಿ ವಿದ್ಯುತ್ತಿಲ್ಲದ ಕಾಲದ ಕಥೆಗೆ ಇದು ಸಣ್ಣ ಮಾತಲ್ಲ. 1947ರ ಆಗಸ್ಟ್ 15 ಅಮಾವಾಸ್ಯೆಯ ಹಿಂದಿನ ದಿನ. ಅಂದರೆ ಹದಿನಾಲ್ಕರ ರಾತ್ರಿ ಹೊಳೆಯ ಈಚೆ ದಡದಲ್ಲಿ ನಿಂತವರಿಗೆ ಆಚೆ ದಡದಲ್ಲಿ ಯಾರಾದರೂ ಒಂದು ಪಂಜು ಹಚ್ಚಿದ್ದರೂ ಸ್ಪಷ್ಟವಾಗಿ ಕಾಣುವಂಥ ಕತ್ತಲು. ಮರುವರ್ಷ ಭಾರತದ ಸೇನೆ ಸಂಸ್ಥಾನದೊಳಗೆ ನುಗ್ಗಿದ್ದು ಸೆಪ್ಟೆಂಬರ್ 13, ಸೋಮವಾರ. ನಿಜಾಮರು ಸೋಲೊಪ್ಪಿದ್ದು 17, ಶುಕ್ರವಾರ. ಆ ತಿಂಗಳ 7ಕ್ಕೆ ಗಣೇಶ ಚೌತಿ, 18ಕ್ಕೆ ಅನಂತನ ಹುಣ್ಣಿಮೆ. ಆ ಐದು ರಾತ್ರಿ ಬೆಳದಿಂಗಳು ದಿನದಿನಕ್ಕೆ ಏರುತ್ತಿತ್ತು. "ಕಗ್ಗತ್ತಲಿನಲ್ಲಿ ಊರು ಬಿಟ್ಟರು" ಎಂದು ಆ ವಾರದ ಬಗ್ಗೆ ಬರೆಯುವುದಾದರೆ ಮೇಲೆ ದಟ್ಟ ಮೋಡ ಕವಿಸಲೇಬೇಕು. ಭಾದ್ರಪದವಾದ್ದರಿಂದ ಕವಿಸಲೂ ಬಹುದು. ಆದರೆ ಗೊತ್ತಿದ್ದು ಕವಿಸಬೇಕು. ಹೊಳೆಯೂ ಆಗ ತುಂಬಿ ಹರಿಯುವ ಕಾಲ. ದಾಟಬೇಕೆಂದರೆ ಹರಿಗೋಲು ಬೇಕು, ಹರಿಗೋಲು ಹಾಕುವವನ ಮರ್ಜಿ ಬೇಕು.

ಇನ್ನೊಂದು ಲೆಕ್ಕ ಕೊಪ್ಪಳದವರಿಗೆ ಹೆಚ್ಚು ಹತ್ತಿರದ್ದು. ಗವಿಮಠದ ತೇರು ಪುಷ್ಯ ಬಹುಳ ಬಿದಿಗೆಗೆ. 1948ರಲ್ಲಿ ಪುಷ್ಯದ ಹುಣ್ಣಿಮೆ ಬಿದ್ದದ್ದು ಜನವರಿ 26ಕ್ಕೆ. ಅಂದರೆ ತೇರಿನ ತಿಥಿಗೂ ಗಾಂಧೀಜಿಯವರ ಹತ್ಯೆಯಾದ 30ರ ಶುಕ್ರವಾರಕ್ಕೂ ನಡುವೆ ಎರಡೇ ದಿನದ ಅಂತರ. ಇದನ್ನು ಯಾವ ಇತಿಹಾಸಕಾರನೂ ನಿಮಗೆ ಎತ್ತಿ ಕೊಡುವುದಿಲ್ಲ. ಜಾತ್ರೆಯಲ್ಲಿ ಕೊಂಡ ಬೆಂಡು ಬೆತ್ತಾಸು ಮನೆಯಲ್ಲಿ ಇನ್ನೂ ಮುಗಿದಿರದ ದಿನ, ಯಾರೋ ಸ್ಟೇಷನ್ನಿನಿಂದ ಓಡಿಬಂದು ಸುದ್ದಿ ಹೇಳುವ ದೃಶ್ಯವನ್ನು ಬರೆಯಲು ನಿಮಗೆ ತಿಥಿಯ ಆಧಾರ ಸಿಕ್ಕಿತು.

ಸಂಸ್ಥಾನದ ಕಚೇರಿಗಳಲ್ಲಿ ಕಂದಾಯದ ಲೆಕ್ಕಕ್ಕೆಂದು ಬಂದ ಫಸಲಿ ವರ್ಷ ನಡೆಯುತ್ತಿತ್ತು. 1947ರ ಅಕ್ಟೋಬರ್ ಮೊದಲಾಗಿ ಒಂದು ವರ್ಷ ಅಲ್ಲಿ ಫಸಲಿ 1357. ಪಹಣಿಯಲ್ಲಾಗಲಿ, ಶಾಲೆಯ ದಾಖಲೆಯಲ್ಲಾಗಲಿ ಆ ಅಂಕಿ ಕಂಡರೆ ಗಾಬರಿಯಾಗದೆ 590 ಕೂಡಿಸಿ.

ನಾಲ್ಕನೆಯ ಹಂತ: ಕೈಗೆ ಸಿಗುವ ವಸ್ತುಗಳು

ಮಕ್ಕಳಿಗೆ ರಾಜ್ಯ ಎಂದರೆ ನಾಣ್ಯ, ಅಂಚೆಚೀಟಿ, ಶಾಲೆಯ ಹಲಗೆ, ನಾಕೆಯ ಜವಾನ. ಹೈದರಾಬಾದಿಗೆ ತನ್ನದೇ ನಾಣ್ಯ, ತನ್ನದೇ ಅಂಚೆಚೀಟಿ ಇದ್ದವು. ನಾಣ್ಯವನ್ನು ಹಾಲಿ ಸಿಕ್ಕಾ ಎನ್ನುತ್ತಿದ್ದರು; ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಕಲ್ದಾರ ಎಂಬ ಹೆಸರು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ. ತಾಯಿ ಕೌದಿಯ ಪದರಿನಲ್ಲಿಟ್ಟು ಹೊಲಿದ 35 ಹಾಲಿ ರೂಪಾಯಿಯನ್ನು ಗದಗಿನಲ್ಲಿ ಬಿಚ್ಚಿ ಬದಲಿಸಿದರೆ ಕೈಗೆ ಬರುವುದು 30. ದೊಡ್ಡವರಿಗೆ ಅದು ವಿನಿಮಯ. ಎದುರಿಗೆ ನಿಂತು ಎಣಿಸುವ ಮಗಳಿಗೆ ಐದು ರೂಪಾಯಿಯ ಕಳವು. ಅವಳು ಆ ಅಂಗಡಿಯವನನ್ನು ಜನ್ಮದಲ್ಲಿ ಕ್ಷಮಿಸದಿರಬಹುದು. ಒಂದು ನಾಣ್ಯದ ದರದಿಂದ ಒಂದು ಪಾತ್ರದ ಸ್ವಭಾವ ಹುಟ್ಟುವುದು ಹೀಗೆ.

ಗಡಿಯಲ್ಲಿ ಸುಂಕದ ಇಲಾಖೆಗೆ ಕರೋಡಗಿರಿ ಎಂದು ಹೆಸರು, ಪೊಲೀಸ್ ಅಧಿಕಾರಿಗೆ ಅಮೀನ. ರೈತನ ಮನೆಯಿಂದ ಸರ್ಕಾರ ಅಳೆಸಿಕೊಳ್ಳುತ್ತಿದ್ದ ಧಾನ್ಯ ಲೆವಿ. ಈ ಮಾತುಗಳನ್ನು ಅಡಿಟಿಪ್ಪಣಿಯಿಲ್ಲದೆ, ಸಂದರ್ಭದಿಂದಲೇ ಅರ್ಥವಾಗುವಂತೆ ಬಳಸಿ.

ಶಾಲೆಯ ವಿಚಾರದಲ್ಲಿ ಮಾತ್ರ ನಿಧಾನ ಮಾಡಬೇಕು. ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯೂ ಉರ್ದುವಿನಲ್ಲಿ. ಮನೆಯಲ್ಲಿ ವಚನ ಕೇಳಿ ಬೆಳೆದ ಹುಡುಗ ಶಾಲೆಯಲ್ಲಿ ಉರ್ದು ಅಕ್ಷರ ತಿದ್ದುತ್ತಿದ್ದ. ಇದನ್ನು ಬರೀ ದಬ್ಬಾಳಿಕೆ ಎಂದು ಬರೆದುಬಿಡುವುದು ಸುಲಭ. ಆದರೆ ಆ ಪೀಳಿಗೆಯ ಅನೇಕ ಹಿರಿಯರು ಮುಪ್ಪಿನಲ್ಲೂ ಸೊಗಸಾದ ಉರ್ದು ಶೇರ್ ಹೇಳುತ್ತಿದ್ದುದನ್ನು ನಮ್ಮಲ್ಲಿ ಕೇಳದವರಾರು? ಒಲ್ಲದೆ ಕಲಿತ ಭಾಷೆಯ ಮೇಲೆ ಮೋಹವೂ ಹುಟ್ಟುತ್ತದೆ; ಆ ಗೊಂದಲವೇ ಹದಿನೈದರ ಹುಡುಗನಿಗೆ ಒಪ್ಪುತ್ತದೆ. ಇದಕ್ಕೆ ಎದುರಾಗಿ ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್ದರ್ದ್ ಶಾಲೆ ಇತ್ತು; ರಾಷ್ಟ್ರೀಯ ಶಿಕ್ಷಣದ ಆ ಶಾಲೆಗೆ ಅವರು ಇಟ್ಟದ್ದು ಉರ್ದು ಹೆಸರನ್ನೇ ಎಂಬುದನ್ನು ಗಮನಿಸಿ. 1938ರಲ್ಲಿ ವಂದೇ ಮಾತರಂ ಹಾಡಿದ್ದಕ್ಕಾಗಿ ಉಸ್ಮಾನಿಯಾದಿಂದ ಹೊರಬಿದ್ದ ವಿದ್ಯಾರ್ಥಿಗಳು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. ನಿಮ್ಮ ಪಾತ್ರದ ಅಣ್ಣನೋ ಮಾವನೋ ಅವರಲ್ಲೊಬ್ಬನಾಗಿದ್ದರೆ ಮನೆಯಲ್ಲಿ ಆ ಮಾತು ಹತ್ತು ವರ್ಷ ಕಳೆದ ಮೇಲೂ ಊಟದ ಹೊತ್ತಿಗೆ ಬರುತ್ತಲೇ ಇರುತ್ತದೆ.

ಐದನೆಯ ಹಂತ: ಹಿರಿಯರನ್ನು ಕೇಳುವ ಬಗೆ

"ರಜಾಕಾರರು ಬಂದಾಗ ಏನಾಯಿತು?" ಎಂದು ಕೇಳಬೇಡಿ. ಆ ಪ್ರಶ್ನೆಗೆ ಅವರು ಎಪ್ಪತ್ತು ವರ್ಷದಿಂದ ಹೇಳಿ ಹೇಳಿ ನುಣುಪಾದ ಉತ್ತರ ಇಟ್ಟುಕೊಂಡಿದ್ದಾರೆ. ಅದರಲ್ಲಿ ಅವರದೆಷ್ಟು, ವಿಮೋಚನಾ ದಿನದ ಭಾಷಣಗಳದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಯಲಬುರ್ಗಾ ಕಡೆಯ ಒಬ್ಬ ಅಜ್ಜಿಯ ಮುಂದೆ ನಾನೂ ಮೊದಲು ಅದನ್ನೇ ಕೇಳಿ, ಸೆಪ್ಟೆಂಬರ್ ತಿಂಗಳ ಪತ್ರಿಕೆಯಲ್ಲಿ ಓದಿದ್ದನ್ನೇ ಮತ್ತೆ ಕೇಳಿಸಿಕೊಂಡೆ. ಏಳುವ ಮುಂಚೆ, ಬೇರೇನೂ ತೋಚದೆ, "ಅವತ್ತು ಮನಿಯಾಗ ಏನ್ ಅಡಿಗಿ ಮಾಡಿದ್ರಿ?" ಎಂದೆ. ಆಕೆ ಸುಮ್ಮನಾದರು. ಸೆರಗಿನ ತುದಿಯನ್ನು ಬೆರಳಿಗೆ ಎರಡು ಸುತ್ತು ಸುತ್ತಿ ಬಿಚ್ಚಿದರು. ಆಮೇಲೆ, "ಮಾಡಿದ್ದಿಲ್ಲ. ನಮ್ಮವ್ವ ಹಿಟ್ಟು ನಾದಿ ಕೊಣಮಿಗ್ಯಾಗ ಇಟ್ಟಿದ್ಲು. ಮುಚ್ಚಿ ಬಾ ಅಂದ್ಲು, ನಾ ಮರ್ತೆ. ದಾರಿತುಂಬ ಅದs ಚಿಂತಿ ನನಗ, ನಾಯಿ ತಿಂದಿರತಾವ, ಅವ್ವ ಹೊಡಿತಾಳ ಅಂತ" ಎಂದರು. ಊರಿಗೆ ಬೆಂಕಿ ಬೀಳುತ್ತದೆಂದು ಓಡುತ್ತಿರುವ ಒಂಬತ್ತು ವರ್ಷದ ಹುಡುಗಿಯ ತಲೆಯಲ್ಲಿ ಇದ್ದದ್ದು ಮುಚ್ಚದೆ ಬಂದ ಹಿಟ್ಟು.

ಅಂದಿನಿಂದ ನನ್ನ ಪ್ರಶ್ನೆಗಳೆಲ್ಲ ಇಂಥವೇ: ಕಾಲಿಗೆ ಏನಿತ್ತು, ನಾಯಿಯನ್ನು ಯಾರು ಕಟ್ಟಿದರು, ಎತ್ತು ಯಾರ ಪಾಲಿಗೆ ಹೋದವು, ಹೊಸ ಊರಿನಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಿದ್ದರು, ತಿರುಗಿ ಬಂದಾಗ ಮನೆಯಲ್ಲಿ ಮೊದಲು ಏನನ್ನು ಹುಡುಕಿದಿರಿ. ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ಕಥೆಯಲ್ಲಿ ಬಳಸುವಾಗ ಹೆಸರನ್ನೂ ಊರನ್ನೂ ಬದಲಿಸಿ. ಅವರು ಅಳತೊಡಗಿದರೆ ಮೊಬೈಲಿನ ರೆಕಾರ್ಡಿಂಗ್ ನಿಲ್ಲಿಸಿ, ನೀರು ಕೊಟ್ಟು, ಬೇರೆ ಮಾತು ತೆಗೆಯಿರಿ. ಕಥೆ ಇನ್ನೊಂದು ದಿನ ಸಿಗುತ್ತದೆ.

ಆರನೆಯ ಹಂತ: ನಿಮಗೆ ಗೊತ್ತಿರುವುದನ್ನು ಮರೆಯಿರಿ

ಎಲ್ಲಕ್ಕಿಂತ ಕಷ್ಟದ ಹಂತ ಇದು. ಇಷ್ಟೆಲ್ಲ ಸಂಗ್ರಹಿಸಿದ ಮೇಲೆ ಅದನ್ನು ತೋರಿಸುವ ಚಪಲ ಹುಟ್ಟುತ್ತದೆ. ನನ್ನ ಹಳೆಯ ಹಸ್ತಪ್ರತಿಯ ಒಂದು ವಾಕ್ಯ ಹೀಗಿತ್ತು: "1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಆಪರೇಷನ್ ಪೋಲೋ ಆರಂಭಿಸಿದಾಗ ಅವಳು ಬಾವಿಯ ಬಳಿ ನೀರು ಸೇದುತ್ತಿದ್ದಳು." ಬಾವಿಯ ಬಳಿ ಇದ್ದವಳಿಗೆ ಇಂಗ್ಲಿಷ್ ತಾರೀಖು ಗೊತ್ತಿಲ್ಲ, ಕಾರ್ಯಾಚರಣೆಯ ಹೆಸರು ಗೊತ್ತಿಲ್ಲ, ಅದು ಆರಂಭವೆಂಬುದೂ ಗೊತ್ತಿಲ್ಲ. ಮೂರನ್ನೂ ತೆಗೆದ ಮೇಲೆ ಉಳಿದದ್ದು ಇದು: "ಚೌತಿಯಾಗಿ ಆರು ದಿನವಾಗಿತ್ತು. ಅರ್ಧ ತುಂಬಿದ ಕೊಡವನ್ನು ಸೊಂಟಕ್ಕೆ ಅವಚಿಕೊಂಡೇ ಅವಳು ಓಡಿ ಬಂದಳು. ಹೊಳೆಯ ಕಡೆ ಗುಡುಗಿದ ಹಾಗಾಯಿತು, ಆ ದಿಕ್ಕಿನಲ್ಲಿ ಮೋಡ ಮಾತ್ರ ಇರಲಿಲ್ಲ."

ಕೆಂಪು ಪೆನ್ನು ಹಿಡಿದು, ನಿಮ್ಮ ಪಾತ್ರಕ್ಕೆ ಆ ಹೊತ್ತಿಗೆ ತಿಳಿಯಲು ಸಾಧ್ಯವಿಲ್ಲದ ಪ್ರತಿಯೊಂದು ವಾಕ್ಯದ ಕೆಳಗೂ ಗೆರೆ ಎಳೆಯಿರಿ. ಮೊದಲ ಸಲ ಅರ್ಧ ಪುಟ ಕೆಂಪಾಗುತ್ತದೆ. ಹೊಡೆದುಹಾಕಿದ ಜಾಗದಲ್ಲಿ ಸುದ್ದಿ ಬರುವ ದಾರಿಯನ್ನು ತೋರಿಸಿ: ಗೌಡರ ಮನೆಯ ರೇಡಿಯೋ, ಸಂತೆಯಿಂದ ಬಂದ ಬಳೆಗಾರ, ಗಡಿ ದಾಟಿ ಬಂದ ಹರಿದ ಪತ್ರಿಕೆ. ಅರ್ಧ ನಿಜ, ಅರ್ಧ ಸುಳ್ಳಾಗಿ ಬರುವ ಸುದ್ದಿಯೇ ಭಯ ಹುಟ್ಟಿಸುವುದು. ಓದುಗರಿಗೆ ಕೊನೆ ಗೊತ್ತಿರುತ್ತದೆ, ಪಾತ್ರಕ್ಕೆ ಗೊತ್ತಿರುವುದಿಲ್ಲ. ಕಥೆಯ ಬಿಗಿ ಆ ಅಂತರದಲ್ಲಿಯೇ ಇದೆ.

ಏಳನೆಯ ಹಂತ: ಶಿಬಿರದ ಹುಡುಗರು

ಗಡಿಯಾಚೆ, ನಿಜಾಮರ ಆಡಳಿತದ ವಿರುದ್ಧ ಹೋರಾಡುವವರ ಶಿಬಿರಗಳು ನಡೆಯುತ್ತಿದ್ದವು. ಮುಂಡರಗಿಯ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳೂ ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರೂ ಮುಂದಾಳುಗಳು. ಶಾಲೆ ಬಿಟ್ಟ ಹುಡುಗರು ಅಲ್ಲಿಗೆ ಸೇರಿದರು. ಸಂಸ್ಥಾನದ ಅಬಕಾರಿ ಆದಾಯಕ್ಕೆ ಪೆಟ್ಟು ಕೊಡಲು, ಹೆಂಡ ಇಳಿಸುವ ಶಿಂದಿ ಮರಗಳನ್ನು ಕಡಿಯುವುದು ಹೋರಾಟದ ಒಂದು ಭಾಗವಾಗಿತ್ತು. ಗಡಿ ಠಾಣೆಗಳ ಮೇಲೆ ದಾಳಿಗಳೂ ನಡೆದವು. ಈ ಹಿರಿಯರನ್ನು ಕಥೆಯಲ್ಲಿ ತರುವುದಾದರೆ ದೂರದಿಂದ ತನ್ನಿ: ಮಾತು ಕೇಳಿಸದಷ್ಟು ದೂರ, ನಡಿಗೆ ಕಾಣುವಷ್ಟು ಹತ್ತಿರ. ಅವರು ಆಡದ ಮಾತನ್ನು ಅವರ ಬಾಯಿಗೆ ಹಾಕುವ ಹಕ್ಕು ನಮಗಿಲ್ಲ. ನಿಮ್ಮ ಕಲ್ಪನೆಯ ಹುಡುಗನಿಗೆ ಮಾತ್ರ ಪೂರ್ತಿ ಸ್ವಾತಂತ್ರ್ಯ ಕೊಡಿ. ಹದಿನಾರನೆಯ ವಯಸ್ಸಿನಲ್ಲಿ ಬಂದೂಕು ಹಿಡಿದವನಿಗೆ ಹೆಮ್ಮೆಯೂ ಆಗುತ್ತದೆ, ರಾತ್ರಿ ಹೊಟ್ಟೆ ತೊಳಸುತ್ತದೆ ಕೂಡ. ಶಿಂದಿ ಮರ ಕಡಿಯುವಾಗ ಅದನ್ನೇ ನಂಬಿ ಬದುಕುತ್ತಿದ್ದವನ ಮಗ ಪಕ್ಕದಲ್ಲೇ ನಿಂತು ನೋಡುತ್ತಿದ್ದಿರಬಹುದು. ಅವನನ್ನು ಬಿಡಬೇಡಿ.

ಎಂಟನೆಯ ಹಂತ: ಸೆಪ್ಟೆಂಬರ್ 17ಕ್ಕೆ ಕಥೆ ಮುಗಿಸಬೇಡಿ

ಬಹಳಷ್ಟು ಬರಹಗಳು ಧ್ವಜ ಏರಿದೊಡನೆ ಮುಗಿದುಬಿಡುತ್ತವೆ. ಆದರೆ ಆ ಬೀದಿಯಲ್ಲೇ ಇನ್ನೊಬ್ಬ ಹುಡುಗನಿದ್ದ. ಅವನ ಪಾಲಿನ ಯುದ್ಧ ಆ ದಿನವೇ ಆರಂಭವಾಯಿತು. ರಜಾಕಾರರು ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯ, ಕಾಸಿಂ ರಜವಿ ನಾಯಕತ್ವದ ಸಶಸ್ತ್ರ ಸ್ವಯಂಸೇವಕರು. ಸಂಸ್ಥಾನದ ಮುಸ್ಲಿಮರೆಲ್ಲ ರಜಾಕಾರರಾಗಿರಲಿಲ್ಲ; ರಜಾಕಾರರ ವಿರುದ್ಧ ಬರೆದು 1948ರ ಆಗಸ್ಟಿನಲ್ಲಿ ಕೊಲೆಯಾದ ಹೈದರಾಬಾದಿನ ಪತ್ರಕರ್ತ ಶೋಯಬುಲ್ಲಾ ಖಾನ್ ಕೂಡ ಮುಸ್ಲಿಮರೇ. ಕಾರ್ಯಾಚರಣೆಯ ಬೆನ್ನಿಗೆ ಸಂಸ್ಥಾನದ ಹಲವು ಕಡೆ ಮುಸ್ಲಿಮರ ಮೇಲೆ ಸೇಡಿನ ಹಿಂಸೆ ನಡೆಯಿತು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಅವರ ತಂಡ ಆ ವರ್ಷದ ಕೊನೆಯಲ್ಲಿ ಹದಿನಾರು ಜಿಲ್ಲೆಗಳ ಪೈಕಿ ಒಂಬತ್ತರಲ್ಲಿ ತಿರುಗಿ, ಸತ್ತವರು 27,000ದಿಂದ 40,000ದವರೆಗೆ ಇರಬಹುದೆಂದು ಅಂದಾಜು ಮಾಡಿತು. ಉಸ್ಮಾನಾಬಾದ್, ಗುಲ್ಬರ್ಗ, ಬೀದರ, ನಾಂದೇಡಗಳನ್ನು ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಗುರುತಿಸಿತು. ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ.

ಇದನ್ನು ಬರೆದರೆ ಹೋರಾಟಕ್ಕೆ ಕುಂದು ಬರುತ್ತದೆಂದು ಹೆದರುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮುಂಡರಗಿಯಿಂದ ತಿರುಗಿ ಬಂದ ಹುಡುಗಿ ತನ್ನ ಮನೆಯ ಬಾಗಿಲು ತೆರೆಯುವ ಹೊತ್ತಿಗೆ ಎದುರು ಮನೆಯ ಗೆಳತಿಯ ಬಾಗಿಲಿಗೆ ಬೀಗ ಬಿದ್ದಿದ್ದರೆ, ಆ ಬೀಗವನ್ನು ಅವಳು ನೋಡದಂತೆ ಮಾಡುವುದು ಕಥೆಗೆ ಮಾಡುವ ಮೋಸ. ಯಾರು ಸರಿ ಎಂದು ಅಲ್ಲಿ ಹೇಳಲು ಹೋಗಬೇಡಿ. ಬೀಗ ಯಾವ ಬಗೆಯದು, ಹೊಸ್ತಿಲ ಮುಂದೆ ಏನು ಬಿದ್ದಿತ್ತು, ಬಾವಿಗಟ್ಟೆಯಲ್ಲಿ ಹೆಂಗಸರು ಆ ಮನೆಯ ಮಾತು ಬಂದಾಗ ಏಕೆ ದನಿ ತಗ್ಗಿಸುತ್ತಾರೆ ಎಂದಷ್ಟೇ ಬರೆಯಿರಿ.

ಹಿಂಸೆಯ ಪ್ರಮಾಣದ ಬಗ್ಗೆ ಒಂದು ಮಾತು. ಓದುವವರೂ ಹದಿಹರೆಯದವರೇ ಆಗಿದ್ದರೆ ಹೆಣಗಳನ್ನು ಎಣಿಸುವ ಅಗತ್ಯವಿಲ್ಲ, ಮುಚ್ಚಿಡುವ ಅಗತ್ಯವೂ ಇಲ್ಲ. ನಡೆದ ಜಾಗಕ್ಕೆ ಪಾತ್ರ ತಡವಾಗಿ ತಲುಪಲಿ.

ಕೊನೆಯ ಹಂತ: ಇಬ್ಬರಿಗೆ ಓದಿ ತೋರಿಸಿ

ನಿರೂಪಣೆ ಗ್ರಾಂಥಿಕವಾಗಿರಲಿ, ಮಾತು ಮಾತ್ರ ಊರಿನದಾಗಿರಲಿ. ಕೊಪ್ಪಳದ ಅಜ್ಜಿಯ ಬಾಯಲ್ಲಿ ಮೈಸೂರಿನ "ಬಂದ್ಬಿಟ್ರು" ಕೇಳಿಬಂದರೆ ಉಳಿದ ಶ್ರಮವೆಲ್ಲ ನೀರಿನಲ್ಲಿ ಹೋಮ. ತಿದ್ದಿದ ಪ್ರತಿಯನ್ನು ಮೊದಲು ಆ ಕಾಲವನ್ನು ಕಂಡ ಒಬ್ಬ ಹಿರಿಯರ ಮುಂದೆ ಗಟ್ಟಿಯಾಗಿ ಓದಿ. ಅವರು "ಹಂಗಿರಲಿಲ್ಲ" ಎಂದ ಕಡೆ ವಾದಿಸದೆ ಗುರುತು ಹಾಕಿಕೊಳ್ಳಿ. ಆಮೇಲೆ ಹದಿನಾಲ್ಕು ವರ್ಷದ ಯಾರಿಗಾದರೂ ಕೊಟ್ಟು, ಏನೂ ಹೇಳದೆ, ಅದೇ ಕೋಣೆಯಲ್ಲಿ ಬೇರೆ ಕೆಲಸ ಮಾಡುತ್ತಾ ಕುಳಿತುಕೊಳ್ಳಿ. ಓದುತ್ತಾ ಓದುತ್ತಾ ಅವಳು ಮೊಬೈಲಿನ ಕಡೆ ಕೈ ಚಾಚಿದ ಪುಟದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ನನ್ನ ಹಸ್ತಪ್ರತಿಯಲ್ಲಿ ಅದು, ನಾನು ನಿಜಾಮರ ಆಡಳಿತ ವ್ಯವಸ್ಥೆಯನ್ನು ಎರಡು ಪುಟ ವಿವರಿಸಿದ್ದ ಜಾಗವಾಗಿತ್ತು.